ಎಪ್ಪತ್ತೋ ಇಪ್ಪತ್ತೋ? ಕಾಡಲ್ಲಿ ಮರ ಅಳೆಯೋರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಕಾಡಿನ ಬೆಳವಣಿಗೆ ಅಳೆಯೋ ಫೀಲ್ಡ್ ಕೆಲಸದ ಬಗ್ಗೆನೇ ಇವೆ. ಹಾಗಾಗಿ ಮಿಕ್ಕಿದ್ದನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನಷ್ಟೇ ತಗೊಂಡಿದೀನಿ.

ಪ್ರಶ್ನೆ: ಅರಣ್ಯಶಾಸ್ತ್ರದಲ್ಲಿ ಡಿಗ್ರಿ ಮುಗೀತು, ಒಂದು ಪ್ರಾಜೆಕ್ಟಲ್ಲಿ ಫೀಲ್ಡ್ ಅಸಿಸ್ಟೆಂಟ್ ಕೆಲಸ ಸಿಗೋ ಹಾಗಿದೆ. ಆರಾಮಾಗಿ ಕಾಡು ಸುತ್ಕೊಂಡಿರ್ತೀಯ ಅಂತ ಫ್ರೆಂಡ್ಸ್ ಹೊಟ್ಟೆ ಉರ್ಕೋತಿದಾರೆ. ನಿಜವಾಗ್ಲೂ ದಿನವೆಲ್ಲಾ ಏನ್ ಮಾಡ್ಬೇಕಾಗತ್ತೆ ಸರ್?

ಟೈಲರ್ ಕೆಲಸ. ನೆಲದಿಂದ 1.3 ಮೀಟರ್ ಮೇಲೆ, ಅದಕ್ಕೆ ಎದೆಮಟ್ಟ ಅಂತಾರೆ, ಅಲ್ಲಿ ಟೇಪು ಸುತ್ತೋದು, ಓದೋದು, ಬರೆಯೋದು, ಮುಂದಿನ ಮರಕ್ಕೆ ಹೋಗೋದು. ಕೇಳೋಕೆ ಇಷ್ಟೇ. ಆದ್ರೆ ಮರಗಳು ಪುಸ್ತಕದ ಚಿತ್ರದ ಥರ ನೆಟ್ಟಗೆ ನಿಂತಿರಲ್ವಲ್ಲ. ಇಳಿಜಾರಲ್ಲಿದ್ರೆ ಮೇಲ್ಗಡೆ ನಿಂತು 1.3 ಲೆಕ್ಕ ಹಾಕ್ಬೇಕು, ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ರೆ ಎರಡು ಕಾಂಡ ಅಂತ ಬೇರೆಬೇರೆ ಅಳೀಬೇಕು, ಬುಡದಲ್ಲಿ ಹಲಗೆ ಥರ ಬೇರು ಎದ್ದಿರೋ ದೊಡ್ಡ ಮರ ಆದ್ರೆ ಏಣಿ ಹತ್ತಿ ಆ ಬೇರು ಮುಗಿದ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದೆ ಅನ್ನೋದನ್ನೂ ಬರೆದು, ಅಲ್ಲೊಂದು ಪೇಂಟಿನ ಗೆರೆ ಎಳೆದು ಬರ್ಬೇಕು. ಐದು ವರ್ಷ ಆದ್ಮೇಲೆ ಬರೋನು ಅದೇ ಗೆರೆ ಮೇಲೆ ಟೇಪು ಇಡ್ಬೇಕು, ಎಲ್ಲಾ ಇರೋದೇ ಅದಕ್ಕೋಸ್ಕರ.

ಪ್ಲಾಟ್, ಅಂದ್ರೆ ಮರ ಅಳೆಯೋಕೆ ಅಂತ ಕಾಡಲ್ಲಿ ಆರಿಸ್ಕೊಂಡ ತುಂಡು ಜಾಗ, ಅದನ್ನ ಗುರುತು ಮಾಡೋದೂ ಅಷ್ಟೇ ತಲೆನೋವು. 20 ಮೀಟರ್ ಚೌಕ ಅಂದ್ರೆ ಮಟ್ಟಸವಾಗಿ 20 ಮೀಟರ್, ನೆಲದ ಮೇಲೆ ಎಳೆದ ಹಗ್ಗದ ಉದ್ದ ಅಲ್ಲ. 30 ಡಿಗ್ರಿ ಇಳಿಜಾರಲ್ಲಿ ಅದೇ 20 ಮೀಟರಿಗೆ ನೆಲದ ಮೇಲೆ 23 ಮೀಟರ್ ಚಿಲ್ಲರೆ ಹಗ್ಗ ಬೇಕಾಗತ್ತೆ, ಇದನ್ನ ಮರೆತ್ರೆ ಗುಡ್ಡದ ಪ್ಲಾಟ್‌ಗಳೆಲ್ಲಾ ಸದ್ದಿಲ್ಲದೆ ಚಿಕ್ಕದಾಗ್ಬಿಡತ್ವೆ.

ನನ್ನದೇ ಒಂದು ಕತೆ ಹೇಳ್ತೀನಿ. ಮರ ಅಳೆಯೋ ಟೇಪಿಗೆ ಎರಡು ಮುಖ ಇರತ್ತೆ. ಒಂದು ಕಡೆ ಮಾಮೂಲಿ ಸೆಂಟಿಮೀಟರು, ಅದು ಸುತ್ತಳತೆ ತೋರ್ಸತ್ತೆ. ಇನ್ನೊಂದು ಕಡೆ ಪ್ರತಿ 3.14 ಸೆಂಟಿಮೀಟರಿಗೆ ಒಂದು ಅಂತ ಗೆರೆ ಹಾಕಿರ್ತಾರೆ, ಸುತ್ತಿದ್ರೆ ನೇರವಾಗಿ ವ್ಯಾಸ ಸಿಗತ್ತೆ. ಮೊದಲ ವರ್ಷ ಒಂದು ಬೆಳಿಗ್ಗೆ ಪೂರ್ತಿ ವ್ಯಾಸ ಅಂತ ಬರ್ಕೊಂಡ್ ಬಂದೆ, ಸಂಜೆ ನೋಡಿದ್ರೆ ಕೈಮುಷ್ಟಿಗಿಂತ ಸ್ವಲ್ಪ ದಪ್ಪ ಇದ್ದ ಮರಗಳೆಲ್ಲಾ ಪುಸ್ತಕದಲ್ಲಿ 38 ಸೆಂಟಿಮೀಟರ್! ಸರಿ 3.14ರಿಂದ ಭಾಗಿಸಿದ್ರೆ ಆಯ್ತಲ್ಲ ಅಂದ್ಕೊಂಡೆ, ಆದ್ರೆ ಮಧ್ಯದಲ್ಲೆಲ್ಲೋ ಟೇಪು ತಿರುಗಿ ಸರಿ ಮುಖಕ್ಕೆ ಬಂದಿತ್ತು, ಯಾವ ಮರದಲ್ಲಿ ತಿರುಗ್ತು ಅಂತ ಯಾರಿಗೂ ಗೊತ್ತಿಲ್ಲ. ಮಾರನೇ ದಿನ ಮೊದಲ ಮರದಿಂದ ಮತ್ತೆ ಶುರು.

ಇನ್ನೊಂದು, ಬರ್ಕೊಳ್ಳೋರು ನಂಬರ್ ತಿರುಗಿ ಹೇಳ್ಬೇಕು. ಗಾಳಿಯಲ್ಲಿ "ಎಪ್ಪತ್ತು" ಅಂದ್ರೆ "ಇಪ್ಪತ್ತು" ಅಂತ ಕೇಳ್ಸತ್ತೆ. ನಮ್ಮ ಟೀಮಲ್ಲಿ "ಏಳು ಸೊನ್ನೆ" ಅಂತ ಬಿಡಿಬಿಡಿಯಾಗೇ ಕೂಗ್ತೀವಿ. ಪೆನ್ ಬೇಡ, ಪೆನ್ಸಿಲ್ ತಗೊಂಡ್ ಹೋಗಿ, ಮಳೆಗೆ ಇಂಕು ನಿಲ್ಲಲ್ಲ.

ಪ್ರಶ್ನೆ: ಐದು ವರ್ಷದ ಹಿಂದೆ ಬೇರೆಯವರು ಅಳೆದ ಪ್ಲಾಟನ್ನ ಈ ವರ್ಷ ನಾನು ಅಳೆದೆ. ಸುಮಾರು ಮುನ್ನೂರು ಮರದಲ್ಲಿ ನಲವತ್ತು ಮರ ಮೊದಲಿಗಿಂತ ಸಣ್ಣ ಆಗಿವೆ! ಮರ ಸಣ್ಣ ಆಗೋದುಂಟಾ? ಸೀನಿಯರ್ ಒಬ್ಬರು "ಹಳೇ ನಂಬರನ್ನೇ ಹಾಕ್ಬಿಡು, ಬೆಳವಣಿಗೆ ಸೊನ್ನೆ ಅಂತ ಬರತ್ತೆ" ಅಂತಿದಾರೆ. ನನಗ್ಯಾಕೋ ಮನಸ್ಸು ಒಪ್ತಿಲ್ಲ.

ನಿಮ್ಮ ಮನಸ್ಸು ಹೇಳ್ತಿರೋದೇ ಸರಿ ತಮ್ಮಾ, ಹಾಕ್ಬೇಡಿ.

ಮರ ಸಣ್ಣ ಆಗತ್ತೆ, ಸ್ವಲ್ಪ ಮಟ್ಟಿಗೆ. ಹಗಲು ಎಲೆಯಿಂದ ನೀರು ಹೋಗ್ತಿರೋವಾಗ ಕಾಂಡ ಕೂದಲೆಳೆಯಷ್ಟು ಕುಗ್ಗತ್ತೆ, ರಾತ್ರಿ ಬೇರಿಂದ ನೀರೆಳ್ಕೊಂಡು ಮತ್ತೆ ಉಬ್ಬತ್ತೆ. ಒಣಗಾಲ ಉದ್ದ ಆದ್ರೆ ಈ ಕುಗ್ಗೋದು ವಾರಗಟ್ಟಲೆ ಇರತ್ತೆ. ಹಿಂದಿನವರು ಮಳೆ ಮುಗಿದ ತಕ್ಷಣ ಅಳೆದು ನೀವು ಒಣಗಾಲದಲ್ಲಿ ಅಳೆದಿದ್ರೆ ಅಷ್ಟು ವ್ಯತ್ಯಾಸ ಬಂದೇ ಬರತ್ತೆ. ತೊಗಟೆ ಉದುರೋ ಜಾತಿ ಆದ್ರೆ ಒಂದು ಪದರ ಕಳಚಿ ಬಿದ್ದಿರಬಹುದು. ಇಲ್ಲಾ ಹಿಂದಿನವರು ಬಳ್ಳಿ ಸೇರಿಸಿ ಸುತ್ತಿರಬಹುದು, ಟೇಪು ಓರೆ ಹಿಡಿದಿರಬಹುದು, ಯಾವಾಗ್ಲೂ ಓರೆ ಟೇಪು ಜಾಸ್ತಿನೇ ತೋರ್ಸೋದು. ಗೆರೆ ಅಳಿಸಿ ಹೋಗಿ ನೀವು ಒಂದು ಗೇಣು ಮೇಲೆ ಅಳೆದಿರಲೂಬಹುದು. ನೆರಳಲ್ಲಿ ಬೆಳೆಯೋ ಎಷ್ಟೋ ಮರ ವರ್ಷಕ್ಕೆ ಒಂದು ಮಿಲಿಮೀಟರೂ ದಪ್ಪ ಆಗಲ್ಲ, ಹಾಗಿರೋವಾಗ ಎರಡು ಮೂರು ಮಿಲಿಮೀಟರ್ ಕೈತಪ್ಪು ಐದು ವರ್ಷದ ಬೆಳವಣಿಗೆನೇ ನುಂಗಿ ಹಾಕತ್ತೆ.

ಈಗ ಆ ಸೀನಿಯರ್ ಹೇಳಿದ ಸೊನ್ನೆ ವಿಷಯ. ಅಳತೆಯ ತಪ್ಪು ಎರಡೂ ಕಡೆ ಆಗತ್ತೆ ಅಲ್ವಾ, ಕೆಲವು ಮರ ನಿಜಕ್ಕಿಂತ ಸಣ್ಣ ಅಂತ ಬಂದ್ರೆ ಕೆಲವು ದಪ್ಪ ಅಂತ ಬಂದಿರತ್ವೆ. ದಪ್ಪ ಬಂದಿದ್ದು ಕಣ್ಣಿಗೆ ಬೀಳಲ್ಲ, ಚೆನ್ನಾಗಿ ಬೆಳೆದಿದೆ ಅಂದ್ಕೊಂಡು ಸುಮ್ಮನಾಗ್ತೀವಿ. ಸಣ್ಣ ಬಂದಿದ್ದನ್ನ ಮಾತ್ರ ಹುಡುಕಿ ಸೊನ್ನೆ ಮಾಡಿದ್ರೆ ಇಡೀ ಕಾಡು ನಿಜಕ್ಕಿಂತ ಜೋರಾಗಿ ಬೆಳೀತಿದೆ ಅಂತ ಲೆಕ್ಕ ಬರತ್ತೆ. ಆ ಲೆಕ್ಕ ನಂಬ್ಕೊಂಡು ಇಷ್ಟು ಮರ ಕಡೀಬಹುದು ಅಂತ ಯಾರೋ ಪ್ಲಾನ್ ಮಾಡಿದ್ರೆ?

ಈ ನಲವತ್ತು ಮರಕ್ಕೆ ಇನ್ನೊಂದ್ಸಲ ಹೋಗಿ, ಹಳೇ ಅಳತೆ ನೋಡದೆ ಅಳೀರಿ, ಆಮೇಲಷ್ಟೇ ಹೋಲ್ಸಿ. ಜೊತೆಗೆ ಸರಿ ಅನ್ಸಿರೋ ಮರಗಳಲ್ಲೂ ಒಂದಷ್ಟು ಚೀಟಿ ಎತ್ತಿ ಆರಿಸ್ಕೊಂಡು ಅಳೀರಿ, ನಿಮ್ಮ ಕೈತಪ್ಪು ಎಷ್ಟು ಅಂತ ಅಲ್ಲೇ ಗೊತ್ತಾಗತ್ತೆ. ಹೊಸ ನಂಬರ್ ಹಾಗೇ ಬರೆದು ಪಕ್ಕದ ಕಾಲಮ್ಮಲ್ಲಿ "ತೊಗಟೆ ಬಿದ್ದಿದೆ", "ಗೆರೆ ಸಿಗಲಿಲ್ಲ" ಅಂತ ಕಾರಣ ಹಾಕಿ. ಹಳೇ ನಂಬರ್ ಮೇಲೆ ಮಾತ್ರ ರಬ್ಬರ್ ಆಡಿಸ್ಬೇಡಿ.

ಪನಾಮಾದ ಬಾರೊ ಕೊಲೊರಾಡೊ ದ್ವೀಪದಲ್ಲಿ 50 ಹೆಕ್ಟೇರಿನ ಒಂದು ಪ್ಲಾಟ್ ಇದೆ, 1980ರ ದಶಕದ ಶುರುವಿನಿಂದ 1 ಸೆಂಟಿಮೀಟರ್ ದಪ್ಪದ ಗಿಡವನ್ನೂ ಬಿಡದೆ ಎರಡು ಲಕ್ಷಕ್ಕೂ ಹೆಚ್ಚು ಕಾಂಡಗಳನ್ನ ಸುಮಾರು ಐದೈದು ವರ್ಷಕ್ಕೊಮ್ಮೆ ಅಳೀತಾ ಬಂದಿದಾರೆ. ಅಷ್ಟು ಕಾಂಡ ಅಳೆದ ಮೇಲೆ ಸಣ್ಣ ಆದ ಮರ ಅಲ್ಲೂ ಸಿಗದೇ ಇರತ್ತಾ? ನಿಮಗೆ ನಲವತ್ತು ಸಿಕ್ಕಿದ್ರಲ್ಲಿ ನಾಚಿಕೆ ಪಡೋದೇನಿಲ್ಲ.

ಅಂದಹಾಗೆ ಸತ್ತ ಮರ ಬರ್ಕೊಂಡ್ರಾ? ಕಾಡಿನ ಲೆಕ್ಕದಲ್ಲಿ ಬೆಳೆದಿದ್ದು, ಹೊಸದಾಗಿ ಹುಟ್ಟಿದ್ದು, ಸತ್ತಿದ್ದು ಮೂರೂ ಬೇಕು. ಎಲೆ ಇಲ್ಲ ಅಂದ ಮಾತ್ರಕ್ಕೆ ಸತ್ತಿದೆ ಅಂತ ಬರೀಬೇಡಿ, ಉಗುರಲ್ಲಿ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ರೆ ಅದಿನ್ನೂ ಜೀವಂತ.

ಪ್ರಶ್ನೆ: ಮರದ ಎತ್ತರ ಫೋನ್ ಆಪಲ್ಲಿ ಅಳೆದ್ರೆ ನಡಿಯತ್ತಾ?

ಅಂದಾಜಿಗೆ ನಡಿಯತ್ತೆ. ದೂರದಲ್ಲಿ ನಿಂತು ಮರದ ತುದಿಗೆ, ಬುಡಕ್ಕೆ ಎಷ್ಟು ಕೋನ ಅಂತ ನೋಡಿ ಎತ್ತರ ಲೆಕ್ಕ ಹಾಕೋದು. ಆ ಕೋನ ಯಾವುದರಲ್ಲಿ ಅಳೆದ್ರೂ ತುದಿ ಕಂಡ್ರೆ ತಾನೇ, ದಟ್ಟ ಕಾಡಲ್ಲಿ ಪಕ್ಕದ ಮರದ ತುದಿನೇ ಇದರದ್ದು ಅಂದ್ಕೊಂಡು ಅಳೆಯೋರೇ ಜಾಸ್ತಿ. ಮರ ಎಷ್ಟು ಎತ್ತರ ಇರಬಹುದು ಅನ್ಸತ್ತೋ ಅಷ್ಟೇ ದೂರ ಹೋಗಿ ನಿಲ್ಲಿ, ಬುಡಕ್ಕೆ ಹತ್ರ ನಿಂತಷ್ಟೂ ತಪ್ಪು ಜಾಸ್ತಿ.

ಪ್ರಶ್ನೆ: ಕಾಡು ಬೆಳೀಲಿ ಅಂತ ಮರ ಕಡೀತಾರೆ, ಥಿನ್ನಿಂಗ್ ಅಂತಾರೆ. ನಮ್ಮ ಪ್ರಯೋಗದಲ್ಲೂ ಇದೆ. ಕಡಿಯೋದನ್ನ ನೋಡೋಕೇ ಬೇಜಾರು, ಇದರಿಂದ ನಿಜಕ್ಕೂ ಕಾಡು ಜಾಸ್ತಿ ಬೆಳಿಯತ್ತಾ?

ಒಟ್ಟು ಕಟ್ಟಿಗೆ ಅಂಥಾ ಏನೂ ಜಾಸ್ತಿ ಆಗಲ್ಲ. ಬೆಳಕು, ನೀರು ಅಷ್ಟೇ ಇರತ್ತೆ, ಅದನ್ನ ಹಂಚ್ಕೊಳ್ಳೋರು ಕಮ್ಮಿ ಆಗ್ತಾರೆ, ಉಳಿದವು ದಪ್ಪ ಆಗ್ತವೆ. ಕಡೀದೆ ಬಿಟ್ರೂ ಮರಗಳು ಒಂದನ್ನೊಂದು ತಳ್ಳಿ ಕಮ್ಮಿ ಆಗ್ತಾನೇ ಇರ್ತವೆ. 1933ರಲ್ಲಿ ರೈನೆಕೆ ಅನ್ನೋ ಅಮೆರಿಕದ ಅರಣ್ಯ ಸಂಶೋಧಕರು ತೋರಿಸಿದ ಲೆಕ್ಕದ ಪ್ರಕಾರ ಒಂದೇ ವಯಸ್ಸಿನ ತೋಪಲ್ಲಿ ಸರಾಸರಿ ದಪ್ಪ ಎರಡರಷ್ಟಾಗೋ ಹೊತ್ತಿಗೆ ಅಲ್ಲಿ ನಿಲ್ಲಬಹುದಾದ ಮರಗಳ ಸಂಖ್ಯೆ ಹೆಚ್ಚುಕಮ್ಮಿ ಮೂರನೇ ಒಂದಕ್ಕೆ ಇಳಿಯತ್ತೆ. ಸಾಯೋದನ್ನ ಮೊದಲೇ ಆರಿಸಿ ತೆಗಿಯೋದೇ ಥಿನ್ನಿಂಗ್. ಆದ್ರೆ ಒಂದೇ ಸಲಕ್ಕೆ ಜಾಸ್ತಿ ತೆಗೆದ್ರೆ ಗುಂಪಲ್ಲಿ ಒರಗಿಕೊಂಡು ಬೆಳೆದ ಮರಗಳು ಮುಂದಿನ ಒಂದೆರಡು ವರ್ಷ ಗಾಳಿಗೆ ಉರುಳ್ತವೆ, ಅದನ್ನೂ ಬರ್ಕೊಳ್ಳಿ. ಏನೂ ಕಡಿಯದೆ ಬಿಟ್ಟ ಪ್ಲಾಟ್ ಇದೆಯಲ್ಲ, ಅದಕ್ಕೆ ಕಾವಲಿರಿ. ಒಣಗಿದ ಮರ ತಾನೇ, ತೆಗೆದ್ಬಿಡೋಣ ಅಂತ ಅಲ್ಲಿಗೂ ಯಾರಾದ್ರೂ ಗರಗಸ ತಗೊಂಡು ಹೋದ್ರೆ ಹೋಲ್ಸೋಕೆ ಏನೂ ಉಳಿಯಲ್ಲ.

ಪ್ರಶ್ನೆ: ನನ್ನ ಮಗಳು ಇದೇ ಕೆಲಸಕ್ಕೆ ಸೇರಿದಾಳೆ. ಕಾಡುಪ್ರಾಣಿ ಭಯಕ್ಕೆ ನನಗೆ ರಾತ್ರಿ ನಿದ್ದೆ ಬರಲ್ಲ. ಅವಳು "ಏನೂ ಆಗಲ್ಲಮ್ಮಾ" ಅಂತಾಳೆ.

ಅಮ್ಮಾ, ಏನೂ ಆಗಲ್ಲ ಅಂತ ನಾನು ಹೇಳಲ್ಲ. ಪ್ರಾಣಿಗಿಂತ ನನಗೆ ಹೆಚ್ಚು ಭಯ ತಲೆ ಮೇಲಿನ ಒಣಕೊಂಬೆದು, ಕಾಲು ಜಾರೋದ್ರದ್ದು. ಹೆಲ್ಮೆಟ್ ಕೊಟ್ಟಿದಾರಾ ಅಂತ ಕೇಳಿ. ಗಾಳಿ ಎದ್ರೆ ಅರ್ಧಕ್ಕೇ ಬಿಟ್ಟು ಹೊರಗೆ ಬರೋ ರೂಲ್ ಇದೆಯಾ, ಒಬ್ಬಳನ್ನೇ ಕಳಿಸ್ತಾರಾ ಅಂತಲೂ ಕೇಳಿ, ಒಬ್ಬಳನ್ನೇ ಕಳಿಸೋ ಹಾಗಿದ್ರೆ ಬೇಡ ಅನ್ನೋಕೆ ಹೇಳ್ಕೊಡಿ. ಪ್ಯಾಂಟನ್ನ ಸಾಕ್ಸೊಳಗೆ ಸಿಗಿಸ್ಕೊಳ್ಳಲಿ, ಸಂಜೆ ಮೈಯೆಲ್ಲಾ ಉಣುಗು ನೋಡ್ಕೊಳ್ಳಲಿ, ಕಚ್ಕೊಂಡಿದ್ರೆ ಚಿಮುಟದಲ್ಲಿ ಚರ್ಮಕ್ಕೆ ಹತ್ರ ಹಿಡಿದು ನೇರ ಎಳೀಬೇಕು, ಬೆಂಕಿ ತಾಗಿಸೋದು, ಎಣ್ಣೆ ಹಚ್ಚೋದು ಬೇಡ. ಸಂಜೆ ವಾಪಸ್ ಬಂದೆ ಅಂತ ಫೋನ್ ಮಾಡೋ ಟೈಮ್ ಒಂದು ಫಿಕ್ಸ್ ಮಾಡ್ಕೊಳ್ಳಿ. ಆ ಟೈಮ್ ಮೀರಿ ಒಂದು ಗಂಟೆ ಆದ್ರೆ ನೀವು ಯಾರಿಗೆ ಫೋನ್ ಮಾಡ್ಬೇಕು, ಆ ನಂಬರನ್ನ ಅವಳ ಹತ್ರ ಇವತ್ತೇ ಇಸ್ಕೊಂಡು ಗೋಡೆ ಮೇಲೆ ಬರೆದಿಡಿ.