ಅಡುಗೆ ಬರಹ ಯಾವ ಕಡೆಗೆ? ಸಕಲೇಶಪುರದ ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ನಿಮ್ಮ ಪ್ರಶ್ನೆ ನಿಧಾನವಾಗಿ ಓದಿದೆ. ಕೆಳಗೆ ಬಂದ ಉತ್ತರಗಳನ್ನೂ ನೋಡಿದೆ. ಅಡುಗೆ, ಮನೆ, ತೋಟ ಅಂತ ಇಷ್ಟು ವರ್ಷ ಬರೆದುಕೊಂಡು ಬಂದವರು ಈಗ ಯಾವ ಕಡೆ ಹೋಗಬೇಕು ಅಂತ ಕೇಳಿದ್ದೀರಿ. ಮಾಡುವ ವಿಧಾನ ಎಲ್ಲ ವಿಡಿಯೋದಲ್ಲೇ ಸಿಗುತ್ತೆ, ಅದನ್ನು ಬಿಡೋಣ ಅಂತ ಒಂದು ಯೋಚನೆ. ಮನೆ ವಿಷಯ ಹೊರಗೆ ಹೇಳೋದು ಮಕ್ಕಳಿಗೆ ಇಷ್ಟ ಇಲ್ಲ, ಅದನ್ನೇ ಬಿಡೋಣ ಅಂತ ಇನ್ನೊಂದು. ಎರಡೂ ಬೇಡ, ‘ಆರೋಗ್ಯದ ಆಹಾರ’ ಬರೆಯಿರಿ, ಜನ ಅದನ್ನೇ ಓದ್ತಾರೆ ಅಂತ ಇಲ್ಲಿ ಕೆಲವರ ಸಲಹೆ.

ನನ್ನ ಪ್ರಕಾರ ಈ ಮೂರೂ ಬೇಡ. ವಿಷಯ ಇದ್ದ ಹಾಗೇ ಇರಲಿ, ಹರವು ಮಾತ್ರ ಕಡಿಮೆ ಮಾಡಿ. ನೀವು ಅರಸೀಕೆರೆ ಕಡೆಯಿಂದ ಸಕಲೇಶಪುರಕ್ಕೆ ಮದುವೆಯಾಗಿ ಬಂದವರು ಅಂತ ಹಿಂದೊಮ್ಮೆ ಬರೆದಿದ್ರಿ. ನಿಮ್ಮ ದಾರಿ ಅದರಲ್ಲೇ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ.

ಯಾಕೆ ಅಂದ್ರೆ, ಹಾಸನದಿಂದ ಆ ಕಡೆ ಸುಮಾರು 40 ಕಿ.ಮೀ. ಹೋದ್ರೆ ಅರಸೀಕೆರೆ, ಈ ಕಡೆ ಅಷ್ಟೇ ದೂರ ಬಂದ್ರೆ ಸಕಲೇಶಪುರ. ಅಲ್ಲಿ ವರ್ಷಕ್ಕೆ 30 ಇಂಚು ಮಳೆ ಆದ್ರೆ ಒಳ್ಳೆ ವರ್ಷ. ಇಲ್ಲಿ 80 ಇಂಚು ಸಾಮಾನ್ಯ. ಒಂದೇ ಜಿಲ್ಲೆ, ಆದ್ರೆ ಒಲೆ ಮೇಲಿರೋದು ಪೂರ್ತಿ ಬೇರೆ. ನಿಮ್ಮ ತವರಲ್ಲಿ ರಾಗಿಮುದ್ದೆ, ಬಸ್ಸಾರು, ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗೋ ಉಂಡೆ ಕೊಬ್ಬರಿ. ಗಂಡನ ಮನೆಯಲ್ಲಿ ಅಕ್ಕಿತರಿ ಕಡುಬು, ಅಕ್ಕಿರೊಟ್ಟಿ, ಮಳೆಗಾಲದಲ್ಲಿ ಏಡಿ ಸಾರು, ಹಸಿ ಕಾಯಿ. ಈ ಎರಡೂ ಅಡುಗೆ ಒಬ್ಬರೇ ಹೆಂಗಸಿನ ಕೈಯಲ್ಲಿ ಸೇರಿವೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು ಮಾಡಿ, ಉಳಿದದ್ದನ್ನು ಪಲ್ಯ ಮಾಡೋ ಬಸ್ಸಾರಿನ ಪದ್ಧತಿ ಗಂಡನ ಮನೆಯವರಿಗೆ ಮೊದಲ ಸಲ ಹೇಗನ್ನಿಸಿತು? ಅತ್ತೆ ಮುದ್ದೆ ತಿರುವೋದು ಕಲಿತರಾ? ನಿಮಗೆ ಕಡುಬಿನ ತರಿಯ ಹದ ಯಾರು ಹೇಳಿಕೊಟ್ಟರು? ಇದನ್ನು ನೀವಲ್ಲದೆ ಬೇರೆ ಯಾರೂ ಬರೆಯಲಾರರು. ಪಲಾವು, ಗೋಬಿ ಮಂಚೂರಿ ಬೇರೆಯವರು ಬರೆದುಕೊಳ್ಳಲಿ.

ಅಡುಗೆ ಒಂದು ದಿನ, ಬದುಕು ಇನ್ನೊಂದು ದಿನ ಅಂತ ಬೇರೆ ಬೇರೆ ಬರೀತಿದ್ರಲ್ಲ, ಅದನ್ನು ಮಾತ್ರ ನಿಲ್ಲಿಸಿ. ಎರಡನ್ನೂ ಒಂದೇ ಪದಾರ್ಥದ ಸುತ್ತ ತನ್ನಿ. ಕಳಲೆಯನ್ನೇ, ಅಂದ್ರೆ ಎಳೆ ಬಿದಿರಿನ ಮೊಳಕೆಯನ್ನೇ ತಗೊಳ್ಳಿ. ‘ಕಳಲೆ ಪಲ್ಯ ಮಾಡುವ ವಿಧಾನ’ ಅಂತ ಬರೆದ್ರೆ ಹತ್ತು ಸಾಲಿಗೆ ಮುಗಿದುಹೋಗುತ್ತೆ. ಆದ್ರೆ ಕಳಲೆಯ ಹಿಂದೆ ಎಷ್ಟೊಂದು ಇದೆ! ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು ಅಂತ ನಮ್ಮ ಅಜ್ಜಿಯರು ಪಟ್ಟು ಹಿಡೀತಿದ್ರು. ಅದು ಬರೀ ಕಹಿ ತೆಗೆಯೋಕಲ್ಲ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತೆ. ನೆನೆಸಿ, ಬೇಯಿಸಿ, ನೀರು ಚೆಲ್ಲಿದಾಗ ಅದು ಬಹುಮಟ್ಟಿಗೆ ಹೋಗುತ್ತೆ. ಪಟ್ಟಣದಲ್ಲಿ ಮೊದಲ ಸಲ ಕಳಲೆ ಕೊಳ್ಳುವವರಿಗೆ ಇದು ಗೊತ್ತಿರೋದಿಲ್ಲ, ಅರ್ಧ ನಿಮಿಷದ ವಿಡಿಯೋದಲ್ಲಿ ಇದನ್ನು ಹೇಳೋದೂ ಇಲ್ಲ. ಹಾಗಾಗಿ ವಿಧಾನ ಬರೆಯೋದು ಬಿಡೋಣ ಅನ್ನೋ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಕಾರಣ ಸಮೇತ ಬರೆದ ವಿಧಾನಕ್ಕೆ ಬೆಲೆ ಇದ್ದೇ ಇದೆ.

ಇನ್ನು ಬದುಕಿನ ಭಾಗ. ಬಿದಿರು ಹಲವು ದಶಕಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗಿಬಿಡುತ್ತೆ. ಆಮೇಲೆ ಹೊಸ ಮೆಳೆ ಕಟ್ಟುವವರೆಗೆ ವರ್ಷಗಟ್ಟಲೆ ಆ ಜಾಗದಲ್ಲಿ ಕಳಲೆ ಇಲ್ಲ. ಆ ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಏನು ಮಾಡಿದ್ರು? ಬಿದಿರಕ್ಕಿ ಯಾರಾದ್ರೂ ಬೇಯಿಸಿ ಉಂಡಿದ್ರಾ? ಮಾವನವರನ್ನು ಕೂರಿಸಿಕೊಂಡು ಕೇಳಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಹಾಂ, ಕಳಲೆ ಸ್ವಂತ ತೋಟದ ಅಂಚಿನದಾ, ಸಂತೆಯದಾ ಅಂತ ಬರಹದಲ್ಲಿ ಸ್ಪಷ್ಟ ಇರಲಿ. ಓದಿದವರು ಕತ್ತಿ ಹಿಡಿದು ಮೀಸಲು ಅರಣ್ಯಕ್ಕೆ ನುಗ್ಗೋ ಹಾಗೆ ಆಗಬಾರದು.

ಜೋಡಿಸೋದು ಹೇಗೆ ಅಂದ್ರೆ, ‘ತಿಂಡಿ, ಸಾರು, ಪಲ್ಯ, ಸಿಹಿ’ ಅನ್ನೋ ವಿಂಗಡಣೆ ಬಿಟ್ಟುಬಿಡಿ. ಮಳೆ ನಕ್ಷತ್ರ ಹಿಡಿದು ಹೋಗಿ. ಮೃಗಶಿರಾ ಹುಟ್ಟೋದು ಜೂನ್ 7–8ರ ಹೊತ್ತಿಗೆ, ಆರಿದ್ರಾ 21–22ಕ್ಕೆ, ಪುನರ್ವಸು ಜುಲೈ 6ರ ಸುಮಾರಿಗೆ, ಪುಷ್ಯ 20ಕ್ಕೆ, ಆಶ್ಲೇಷಾ ಆಗಸ್ಟ್ 3ಕ್ಕೆ. ಒಂದೊಂದು ಮಳೆಗೂ ಸುಮಾರು ಎರಡು ವಾರ. ಒಂದು ಮಳೆಗೆ ಒಂದೇ ಬರಹ ಸಾಕು, ಕೈಯಲ್ಲಿ ಕೆಲಸ ಇರೋರಿಗೆ ಅದು ಆಗುವ ಮಾತು. ಕಳಲೆ, ಕೆಸುವಿನೆಲೆ, ಹುತ್ತದ ಅಣಬೆ, ಏಡಿ ಎಲ್ಲ ತಾವಾಗೇ ಸಾಲಾಗಿ ಬರ್ತವೆ. ಮಳೆ ಬಿಟ್ಟ ಮೇಲೆ ನವೆಂಬರಿಂದ ಅರೇಬಿಕಾ ಕಾಫಿ ಕುಯ್ಲು, ಆಮೇಲೆ ರೊಬಸ್ಟಾ. ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಅಷ್ಟು ಜನಕ್ಕೆ ತಿಂಡಿ ಆಗೋದು ಹೇಗೆ ಅನ್ನೋದೇ ಒಂದು ದೊಡ್ಡ ವಿಷಯ. ಅದೇ ಹೊತ್ತಿಗೆ ನಿಮ್ಮ ತವರಲ್ಲಿ ರಾಗಿ ಕಣಕ್ಕೆ ಬಂದಿರುತ್ತೆ, ಅವರೆಕಾಯಿ ಸೊಗಡು ಶುರುವಾಗಿರುತ್ತೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂವಿಂದ ತೋಟವೆಲ್ಲ ಬೆಳ್ಳಗಾದಾಗ ಎಳೆ ಹಲಸಿನಕಾಯಿ ಸಿಗುತ್ತೆ. ಎರಡೂ ಊರನ್ನು ಪಕ್ಕಪಕ್ಕ ಇಟ್ಟು ಒಂದು ವರ್ಷ ಬರೆದು ನೋಡಿ. ಹಾಸನದ ಆಲೂಗಡ್ಡೆಗೂ ಒಂದು ಬರಹ ಇರಲಿ. ಮುಂಗಾರಿನ ಆಲೂಗಡ್ಡೆಗೆ ಅಷ್ಟು ಹೆಸರಾಗಿದ್ದ ಜಿಲ್ಲೆಯಲ್ಲಿ ಅಂಗಮಾರಿ ರೋಗದ ಕಾಟಕ್ಕೆ ಎಷ್ಟೋ ಜನ ಬೆಳೆಯೋದೇ ಬಿಟ್ಟರು. ಅದು ಅಡುಗೆಮನೆಗೂ ತಟ್ಟಿದ ಸಂಗತಿ.

ಅಣಬೆ ವಿಷಯದಲ್ಲಿ ಒಂದೇ ಕೋರಿಕೆ: ಫೋಟೋ ಹಾಕಿ ‘ಇದನ್ನು ತಿನ್ನಬಹುದು’ ಅಂತ ಎಲ್ಲೂ ಬರೀಬೇಡಿ. ಫೋಟೋ ನೋಡಿ ಗುರುತು ಹಿಡಿದು ತಿಂದರೆ ಪ್ರಾಣಕ್ಕೆ ಕುತ್ತು. ಕೆಸುವಿನೆಲೆಗೆ ಹುಳಿ ಯಾಕೆ ಬೇಕು, ಹುಳಿ ಕಡಿಮೆ ಬಿದ್ದು ಸರಿಯಾಗಿ ಬೇಯದಿದ್ರೆ ಗಂಟಲು ಯಾಕೆ ತುರಿಸುತ್ತೆ ಅನ್ನೋದನ್ನ ಬೇಕಾದಷ್ಟು ಬರೆಯಿರಿ. ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತೆ.

ಅಳತೆ ಬಗ್ಗೆ. ನಿಮ್ಮ ‘ಒಂದು ಪಾವು’, ‘ಒಂದು ಹಿಡಿ’ ಬಿಡಬೇಡಿ, ಪಕ್ಕದಲ್ಲೇ ತೂಕವೂ ಇರಲಿ. ಪಾವು ಮನೆಯಿಂದ ಮನೆಗೆ ಬೇರೆ ಆಗುತ್ತೆ, ತವರಿನ ಪಾವೂ ಇಲ್ಲಿನ ಪಾವೂ ಒಂದೇ ಇದೆಯಾ ನೋಡಿ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಒಂದು ಸಲ ಬರೆದಿಟ್ಟರೆ ಆಯ್ತು. ಅಕ್ಕಿ ಹೊಸದೋ ಹಳೆಯದೋ, ಯಾವ ತಳಿ, ಸೌದೆ ಒಲೆಯೋ ಗ್ಯಾಸೋ, ಇಷ್ಟು ಇದ್ರೆ ಬೆಂಗಳೂರಲ್ಲಿ ಕೂತು ಮಾಡುವ ಹುಡುಗಿಗೂ ಕಡುಬು ಬಿರಿಯದೆ ಬರುತ್ತೆ.

‘ಆರೋಗ್ಯದ ಆಹಾರ’ದ ಕಡೆ ಹೋಗೋದು ಮಾತ್ರ ದಯವಿಟ್ಟು ಬೇಡ. ಇದು ಸಕ್ಕರೆ ಕಾಯಿಲೆಗೆ ರಾಮಬಾಣ, ಅದು ಮಂಡಿ ನೋವಿಗೆ ಮದ್ದು ಅಂತ ಬರೆಯೋಕೆ ಶುರು ಮಾಡಿದ್ರೆ ಯಾರೋ ಮಾತ್ರೆ ಬಿಟ್ಟು ಅದನ್ನೇ ನಂಬಿ ಕೂರ್ತಾರೆ. ಪೋಷಕಾಂಶ ಹೇಳಲೇಬೇಕು ಅನ್ನಿಸಿದ್ರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಹೊರತಂದ ಪಟ್ಟಿ ನೋಡಿ ಅಂಕಿ ಕೊಡಿ. ಅದರಲ್ಲಿ 100 ಗ್ರಾಂ ರಾಗಿಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದಕ್ಕೆ ಹೋಲಿಸೋ ಹಾಗೇ ಇಲ್ಲ. ಅಷ್ಟು ಹೇಳಿ ಮುಂದೆ ಹೋಗಿ.

ಮಕ್ಕಳ ಮಾತಿಗೆ ಬೆಲೆ ಕೊಡಿ. ಅವರ ಹೆಸರು, ಫೋಟೋ, ಓದು, ಜಗಳ, ಕಾಯಿಲೆ ಯಾವುದೂ ಬೇಡ. ಹಳೆಯ ಬರಹಗಳಲ್ಲಿ ಬಂದಿದ್ರೆ ಅವರ ಪಕ್ಕದಲ್ಲೇ ಕೂತು ತೆಗೆದುಬಿಡಿ. ಅತ್ತೆ, ಓರಗಿತ್ತಿ, ತೋಟಕ್ಕೆ ಬರೋ ಹೆಂಗಸರು ಹೇಳಿಕೊಟ್ಟ ಅಡುಗೆ ಬರೆಯುವಾಗ ಮೊದಲು ಅವರನ್ನು ಕೇಳಿ, ಕಲಿತದ್ದು ಅವರಿಂದ ಅಂತ ಬರೆಯಿರಿ. ಹೆಸರು ಹಾಕಬೇಕಾ ಬೇಡವಾ ಅವರೇ ಹೇಳಲಿ. ಎಷ್ಟೋ ಹೆಂಗಸರ ಕೈಯ ವಿದ್ಯೆ ಬೇರೆಯವರ ಹೆಸರಲ್ಲಿ ಓಡಾಡ್ತಿದೆ, ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಳೆಯದನ್ನೆಲ್ಲ ಅಳಿಸಿಹಾಕ್ತೀನಿ ಅಂದಿದ್ದೀರಲ್ಲ, ಬೇಡ. ನಿಮ್ಮ ಬಸ್ಸಾರಿನ ಬರಹ ನೋಡಿಕೊಂಡೇ ನಾವು ಮೂಡಿಗೆರೆಯಲ್ಲಿ ಈಗಲೂ ಮಾಡ್ತೀವಿ. ಎರಡೂರಿಗೆ ಸೇರಿದ್ದನ್ನು ಬೇರೆ ತೆಗೆದಿಡಿ, ಉಳಿದದ್ದು ಹಾಗೇ ಇರಲಿ.

ಈಗ ಆರಿದ್ರಾ ನಡೀತಿದೆ. ಪುನರ್ವಸು ಹುಟ್ಟೋದರೊಳಗೆ ಕಳಲೆಯದ್ದು ಬರೆದು ಇಲ್ಲೇ ಹಾಕಿ. ನಿಮ್ಮಲ್ಲಿ ಎಷ್ಟು ದಿನ ನೆನೆಸ್ತೀರಿ, ಉಪ್ಪುನೀರಲ್ಲಿ ಹಾಕಿಟ್ಟರೆ ಎಷ್ಟು ಕಾಲ ಇರುತ್ತೆ, ತವರಿನವರಿಗೆ ಕಳಿಸಿದಾಗ ಅವರು ಏನು ಅಡುಗೆ ಮಾಡಿದ್ರು, ಈ ಮೂರು ಅದರಲ್ಲಿ ಇರಲಿ. ನಮ್ಮ ಮನೆಯಲ್ಲಿ ಉಪ್ಪಿನ ಪ್ರಮಾಣದ ಬಗ್ಗೆ ಪ್ರತಿ ವರ್ಷ ವಾದ ನಡೆಯುತ್ತೆ, ನಿಮ್ಮ ಅಳತೆ ತೂಕದಲ್ಲೇ ಬೇಕು.