ನೀವು ಕೇಳಿದ್ರಿ: 190 ಗೋಲ್ ಹೊಡೆದ ಸಿಂಕ್ಲೇರ್

ಹಿಂದಿನ ಸಂಚಿಕೇಲಿ ಕೆನಡಾದ ಫುಟ್‌ಬಾಲ್ ಆಟಗಾರ್ತಿ ಕ್ರಿಸ್ಟೀನ್ ಸಿಂಕ್ಲೇರ್ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ದೇಶಕ್ಕಾಗಿ ಆಡಿ 190 ಗೋಲ್ ಹೊಡೆದಿದಾರೆ, ಗಂಡಸರು ಹೆಂಗಸರು ಎಲ್ಲರನ್ನ ಸೇರಿಸಿ ಲೆಕ್ಕ ಹಾಕಿದ್ರೂ ಇವರೇ ಫಸ್ಟ್ ಅಂತ. ಅಷ್ಟಕ್ಕೇ ಒಂದು ರಾಶಿ ಪ್ರಶ್ನೆ ಬಂದಿದಾವೆ, ಹಾಗಾಗಿ ಈ ಸಲ ಪೂರ್ತಿ ಜಾಗ ಅವರಿಗೇ.

ಪ್ರಶ್ನೆ: 190 ಗೋಲ್ ಅಂತೀರ, ಸರಿ. ಆದ್ರೆ ಅದರಲ್ಲಿ ಎಷ್ಟೋ ಗೋಲು ಚಿಕ್ಕಪುಟ್ಟ ದೇಶಗಳ ಮೇಲೆ ಹೊಡೆದಿದ್ದಲ್ವಾ? ಅದನ್ನ ರೊನಾಲ್ಡೊ ಜೊತೆ ಹೋಲಿಸೋದು ನ್ಯಾಯಾನಾ?

ಚಿಕ್ಕ ದೇಶಗಳ ಮೇಲೂ ಹೊಡೆದಿದಾರೆ, ಅದನ್ನ ಮುಚ್ಚಿಡೋ ಅಗತ್ಯ ಏನಿಲ್ಲ. ಅಮೆರಿಕದ ಆಬಿ ವಾಂಬಾಕ್ ಅವರ 184 ಗೋಲಿನ ದಾಖಲೆ ಮುರಿದಿದ್ದೇ 2020ರ ಜನವರಿ 29ಕ್ಕೆ, ಟೆಕ್ಸಾಸ್‌ನಲ್ಲಿ ನಡೆದ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ, ಸೇಂಟ್ ಕಿಟ್ಸ್ ಅಂಡ್ ನೆವಿಸ್ ಮೇಲೆ, ಕೆನಡಾ ಆವತ್ತು 11-0 ಗೆದ್ದಿತ್ತು. ಆದ್ರೆ ಆ ಒಂದು ಪಂದ್ಯ ಹಿಡ್ಕೊಂಡು ಇಡೀ ಲೆಕ್ಕಾನೇ ಸುಳ್ಳು ಅನ್ನೋದು ತಪ್ಪು. ವಿಶ್ವಕಪ್‌ನಲ್ಲೇ 10 ಗೋಲ್ ಇದೆ, ಅದೂ 2003, 2007, 2011, 2015, 2019 ಹೀಗೆ ಐದು ವಿಶ್ವಕಪ್‌ನಲ್ಲೂ ಹೊಡೆದಿದಾರೆ. ಲಂಡನ್ ಒಲಿಂಪಿಕ್ಸ್ ಒಂದರಲ್ಲೇ 6 ಗೋಲ್, ಆ ಕೂಟದಲ್ಲಿ ಅತಿ ಹೆಚ್ಚು ಗೋಲ್ ಅವರದ್ದೇ.

ಒಂದು ಗೋಲಿನ ಕತೆ ಹೇಳ್ತೀನಿ ಕೇಳಿ. 2011ರ ವಿಶ್ವಕಪ್ಪಿನ ಮೊದಲ ದಿನ, ಬರ್ಲಿನ್‌ನ ಒಲಿಂಪಿಕ್ ಸ್ಟೇಡಿಯಂ, ಎದುರಿಗೆ ಆತಿಥೇಯ ಜರ್ಮನಿ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಸೆಕೆಂಡ್ ಹಾಫಲ್ಲಿ ಜರ್ಮನಿ ಡಿಫೆಂಡರ್ ಒಬ್ಬರ ಮೊಣಕೈ ತಗುಲಿ ಸಿಂಕ್ಲೇರ್ ಮೂಗು ಮುರೀತು. ಮುರೀತು ಅಂದ್ರೆ ನಿಜವಾಗ್ಲೂ ಮೂಳೆ ಮುರೀತು, ಸೊಟ್ಟಗಾಯ್ತು. ಡಾಕ್ಟ್ರು ಸಾಕು ಅಂದ್ರೂ ಕೇಳದೆ ಮತ್ತೆ ಮೈದಾನಕ್ಕೆ ಬಂದ್ರು. ಕೊನೆಗೆ 82ನೇ ನಿಮಿಷದಲ್ಲಿ ಪೆನಾಲ್ಟಿ ಬಾಕ್ಸ್ ಹೊರಗಿಂದ ಒಂದು ಫ್ರೀ ಕಿಕ್, ಚೆಂಡು ಅಡ್ಡ ನಿಂತ ಆಟಗಾರ್ತಿಯರ ಗೋಡೆ ದಾಟಿ ಬಾಗಿ ಒಳಗೆ ಹೋಯ್ತು, ಕೀಪರ್ ನಾಡೀನ್ ಆಂಗರರ್‌ಗೆ ಸಿಗಲೇ ಇಲ್ಲ. 2007ರ ವಿಶ್ವಕಪ್ ಪೂರ್ತಿ ಒಂದೇ ಒಂದು ಗೋಲ್ ಬಿಟ್ಟುಕೊಡದೆ ಕಪ್ ಗೆದ್ದಿದ್ದ ಟೀಮ್ ಅದು, ಗೊತ್ತಿರ್ಲಿ. ಆ ಪಂದ್ಯ ಕೆನಡಾ 2-1ರಲ್ಲಿ ಸೋತಿತು, ಮುಂದಿನ ಎರಡು ಪಂದ್ಯಾನೂ ಸೋತು ಮನೆಗೆ ಹೋಯ್ತು, ಸಿಂಕ್ಲೇರ್ ಅವೆರಡನ್ನೂ ಮುಖಕ್ಕೆ ಮಾಸ್ಕ್ ಕಟ್ಕೊಂಡೇ ಆಡಿದ್ರು.

ಇನ್ನು ರೊನಾಲ್ಡೊ ವಿಷಯ. 2022ರ ಜನವರೀಲಿ ಫಿಫಾ ಇಬ್ಬರಿಗೂ ಒಂದೇ ಸಮಾರಂಭದಲ್ಲಿ, ದೇಶಕ್ಕಾಗಿ ಹೊಡೆದ ಗೋಲುಗಳ ದಾಖಲೆಗೆ ಅಂತಾನೇ ವಿಶೇಷ ಪ್ರಶಸ್ತಿ ಕೊಟ್ಟಿತು. ಗಂಡಸರ ಲೆಕ್ಕ ಒಂದು, ಹೆಂಗಸರ ಲೆಕ್ಕ ಒಂದು. ನನ್ನನ್ನ ಕೇಳಿದ್ರೆ ಅಷ್ಟು ಸಾಕು, ಯಾರು ದೊಡ್ಡವರು ಅಂತ ತಕ್ಕಡಿ ಹಿಡಿಯೋ ಆಸೆ ನನಗಿಲ್ಲ.

ಪ್ರಶ್ನೆ: ಯಾವಾಗ ನೋಡಿದ್ರೂ 12ನೇ ನಂಬರ್ ಜರ್ಸಿ, ಯಾಕೆ?

ಚಿಕ್ಕವರಿದ್ದಾಗ ಅವರಿಗೆ ಬೇಸ್‌ಬಾಲ್ ಹುಚ್ಚು. ಟೊರಾಂಟೊ ಬ್ಲೂ ಜೇಸ್ ತಂಡದ ರಾಬರ್ಟೊ ಅಲೋಮಾರ್ ಅಂದ್ರೆ ಪ್ರಾಣ, ಅವರ ನಂಬರ್ 12. ಜೊತೆಗೆ ಸಿಂಕ್ಲೇರ್ ಹುಟ್ಟಿದ್ದೂ ಜೂನ್ 12ಕ್ಕೇ, 1983ರಲ್ಲಿ, ಬ್ರಿಟಿಷ್ ಕೊಲಂಬಿಯಾದ ಬರ್ನಬಿಯಲ್ಲಿ.

ಪ್ರಶ್ನೆ: 2012ರ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಕೆನಡಾಗೆ ರೆಫರಿ ಮೋಸ ಮಾಡಿದ್ರು ಅಂತ ನಮ್ಮಣ್ಣ ಈಗ್ಲೂ ಹೇಳ್ತಾನೆ. ಆವತ್ತು ಆಗಿದ್ದೇನು?

ಮೋಸ ಅನ್ನೋ ಪದ ನಾನು ಬಳಸಲ್ಲ. ಆದ್ರೆ ನಿಮ್ಮಣ್ಣನ ಸಂಕಟ ಅರ್ಥ ಆಗುತ್ತೆ, ಆ ಪಂದ್ಯ ನೆನೆಸ್ಕೊಂಡ್ರೆ ನನಗೂ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಆಗಸ್ಟ್ 6, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರ್ಯಾಫರ್ಡ್, ಕೆನಡಾ ಎದುರು ಅಮೆರಿಕ. ಸಿಂಕ್ಲೇರ್ 22ನೇ ನಿಮಿಷಕ್ಕೆ ಒಂದು ಹೊಡೆದ್ರು. ಅಮೆರಿಕದ ಮೇಗನ್ ರಪಿನೋ ಕಾರ್ನರ್‌ನಿಂದ ನೇರವಾಗಿ ಗೋಲಿಗೇ ಹಾಕಿ ಸಮ ಮಾಡಿದ್ರು. 67ಕ್ಕೆ ಮತ್ತೆ ಸಿಂಕ್ಲೇರ್, 70ಕ್ಕೆ ಮತ್ತೆ ರಪಿನೋ, 73ಕ್ಕೆ ಮತ್ತೆ ಸಿಂಕ್ಲೇರ್! ಹ್ಯಾಟ್ರಿಕ್, 3-2. ಅಮೆರಿಕದಂಥ ಟೀಮ್ ಮೇಲೆ, ಒಲಿಂಪಿಕ್ ಸೆಮಿಫೈನಲ್‌ನಲ್ಲಿ, ಪ್ರತಿ ಸಲ ಅವರು ಸಮ ಮಾಡಿದಾಗ್ಲೂ ಒಬ್ಬಳೇ ಎದ್ದು ಬಂದು ಟೀಮನ್ನ ಮತ್ತೆ ಮುಂದೆ ತಂದು ನಿಲ್ಲಿಸೋದು ಅಂದ್ರೆ ಸುಮ್ನೇನಾ.

ಆಮೇಲೆ ನಡೆದಿದ್ದು ಇದು. ಕೆನಡಾ ಕೀಪರ್ ಎರಿನ್ ಮೆಕ್‌ಲೌಡ್ ಚೆಂಡನ್ನ ಕೈಯಲ್ಲಿ 6 ಸೆಕೆಂಡ್‌ಗಿಂತ ಜಾಸ್ತಿ ಹಿಡ್ಕೊಂಡ್ರು ಅಂತ ರೆಫರಿ ಅಮೆರಿಕಕ್ಕೆ ಪರೋಕ್ಷ ಫ್ರೀ ಕಿಕ್ ಕೊಟ್ರು. ರೂಲ್ ಪುಸ್ತಕದಲ್ಲಿ ಇತ್ತು ನಿಜ, ಆದ್ರೆ ದೊಡ್ಡ ಪಂದ್ಯಗಳಲ್ಲಿ ಅದನ್ನ ಯಾರೂ ಊದ್ತಿರಲಿಲ್ಲ. ಆ ಫ್ರೀ ಕಿಕ್ ಒದ್ದಾಗ ಚೆಂಡು ಕೆನಡಾ ಆಟಗಾರ್ತಿಯ ಕೈಗೆ ಬಡೀತು, ಪೆನಾಲ್ಟಿ. ವಾಂಬಾಕ್ ಹೊಡೆದ್ರು, 3-3. ಹೆಚ್ಚುವರಿ ಸಮಯಾನೂ ಮುಗೀತು, ಇನ್ನೇನು ಪೆನಾಲ್ಟಿ ಶೂಟೌಟ್ ಅನ್ನೋಷ್ಟರಲ್ಲಿ ಅಮೆರಿಕದ ಅಲೆಕ್ಸ್ ಮಾರ್ಗನ್ ತಲೆಯಿಂದ ಗೋಲ್ ಹೊಡೆದ್ರು, 4-3, ಗಡಿಯಾರ 123ನೇ ನಿಮಿಷ ತೋರಿಸ್ತಿತ್ತು.

ಪಂದ್ಯ ಆದ್ಮೇಲೆ ಸಿಂಕ್ಲೇರ್ ಖಾರವಾಗೇ ಮಾತಾಡಿದ್ರು. ಜಾಸ್ತಿ ಮಾತಾಡದ, ಕ್ಯಾಮೆರಾ ಕಂಡ್ರೆ ಸಂಕೋಚ ಪಡೋ ಹೆಣ್ಣುಮಗಳು ಅವರು, ಅಂಥವರೇ ಸಿಟ್ಟಿಗೆದ್ರು. ರೆಫರಿ ಜೊತೆ ನಡ್ಕೊಂಡ ರೀತಿ ಸರಿ ಇರ್ಲಿಲ್ಲ ಅಂತ ಫಿಫಾ 4 ಪಂದ್ಯ ನಿಷೇಧ ಹಾಕಿ ದಂಡಾನೂ ಹಾಕ್ತು. ಮೂರು ದಿನ ಬಿಟ್ಟು ಫ್ರಾನ್ಸ್ ಮೇಲೆ ಡಯಾನಾ ಮ್ಯಾಥೆಸನ್ ಕೊನೇ ಗಳಿಗೇಲಿ ಗೋಲ್ ಹೊಡೆದು ಕಂಚು ಬಂತು ಅನ್ನೋದೊಂದೇ ಸಮಾಧಾನ. ಆ 6 ಸೆಕೆಂಡ್ ರೂಲ್ 2025ರಲ್ಲಿ ಬದಲಾಯ್ತು, ಈಗ 8 ಸೆಕೆಂಡ್, ದಾಟಿದ್ರೆ ಎದುರು ತಂಡಕ್ಕೆ ಕಾರ್ನರ್, ಕೊನೇ 5 ಸೆಕೆಂಡ್‌ನ ರೆಫರಿ ಕೈ ಎತ್ತಿ ಎಲ್ಲರಿಗೂ ಕಾಣೋ ಹಾಗೆ ಎಣಿಸ್ಬೇಕು.

ಪ್ರಶ್ನೆ: ಇವರು ಕೆನಡಾದ ಯಾವ ಕ್ಲಬ್‌ಗೆ ಆಡ್ತಿದ್ರು? ಸಂಬಳ ಎಲ್ಲಾ ಚೆನ್ನಾಗಿತ್ತಾ?

ಇಡೀ ವೃತ್ತಿಜೀವನದಲ್ಲಿ ನನಗೆ ಅತ್ಯಂತ ಬೇಜಾರು ಅನ್ಸೋ ವಿಷಯಾನೇ ಇದು. ಸಿಂಕ್ಲೇರ್ ಆಡಿದಷ್ಟು ವರ್ಷ ಕೆನಡಾದಲ್ಲಿ ಹೆಂಗಸರಿಗೆ ಅಂತ ಒಂದು ಪೂರ್ಣ ಪ್ರಮಾಣದ ಪ್ರೊಫೆಷನಲ್ ಲೀಗ್ ಇರ್ಲೇ ಇಲ್ಲ. ಓದಿದ್ದು ಅಮೆರಿಕದ ಪೋರ್ಟ್‌ಲೆಂಡ್ ಯೂನಿವರ್ಸಿಟೀಲಿ, ಅಲ್ಲಿ 2002, 2005 ಎರಡು ಸಲ ರಾಷ್ಟ್ರೀಯ ಚಾಂಪಿಯನ್, 2005ರ ಒಂದೇ ಸೀಸನ್‌ನಲ್ಲಿ 39 ಗೋಲ್. ಕಾಲೇಜು ಮುಗಿಸಿ ಹೊರಗೆ ಬಂದ್ರೆ ಅಮೆರಿಕದ ಲೀಗೂ 2003ರಲ್ಲೇ ಬಾಗಿಲು ಹಾಕಿತ್ತು.

2009ರಲ್ಲಿ ಹೊಸ ಲೀಗ್ ಶುರುವಾಯ್ತು, ಎಫ್‌ಸಿ ಗೋಲ್ಡ್ ಪ್ರೈಡ್‌ಗೆ ಸೇರಿದ್ರು. 2010ರಲ್ಲಿ ಆ ಟೀಮ್ ಚಾಂಪಿಯನ್ ಆಯ್ತು, ಅದೇ ವರ್ಷ ದುಡ್ಡಿಲ್ಲ ಅಂತ ಮುಚ್ಚಿಹೋಯ್ತು. ಕಪ್ ಗೆದ್ದ ಟೀಮು, ರೀ! ಅಲ್ಲಿಂದ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್, 2011ರಲ್ಲಿ ಅಲ್ಲೂ ಚಾಂಪಿಯನ್, ಆಮೇಲೆ ಲೀಗೇ ಮುಚ್ಚಿಹೋಯ್ತು. ಗೆದ್ರೂ ಕೆಲಸ ಉಳಿಯುತ್ತೆ ಅನ್ನೋ ಭರವಸೆ ಇಲ್ಲ ಅಂದ್ರೆ ಹೇಗಿರುತ್ತೆ ಯೋಚನೆ ಮಾಡಿ.

2013ರಲ್ಲಿ ಅಮೆರಿಕದ ಹೆಂಗಸರ ಈಗಿನ ಲೀಗ್ ಎನ್‌ಡಬ್ಲ್ಯುಎಸ್ಎಲ್ ಶುರುವಾದಾಗ ಮೊದಲಿನ ತಪ್ಪು ಆಗಬಾರ್ದು ಅಂತ ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ದೇಶದ ಫೆಡರೇಶನ್‌ಗಳೇ ತಮ್ಮ ರಾಷ್ಟ್ರೀಯ ಆಟಗಾರ್ತಿಯರ ಸಂಬಳ ಕೊಟ್ಟವು, ಕ್ಲಬ್ ಮೇಲೆ ಹೊರೆ ಕಮ್ಮಿ ಆಯ್ತು. ಸಿಂಕ್ಲೇರ್ ಪೋರ್ಟ್‌ಲೆಂಡ್ ಥಾರ್ನ್ಸ್‌ಗೆ ಬಂದ್ರು, 2013, 2017, 2022 ಮೂರು ಸಲ ಕಪ್ ಗೆದ್ರು, 2024ರಲ್ಲಿ ನಿವೃತ್ತಿ ಆಗೋವರೆಗೂ ಬೇರೆ ಕ್ಲಬ್ ಕಡೆ ತಿರುಗಿ ನೋಡ್ಲಿಲ್ಲ. ದೇಶದ ತಂಡದ ಸಂಭಾವನೆ ವಿಷಯದಲ್ಲೂ ಜಗಳ ತಪ್ಪಲಿಲ್ಲ, 2023ರ ಮಾರ್ಚ್‌ನಲ್ಲಿ ಸಹ ಆಟಗಾರ್ತಿಯರ ಜೊತೆ ಕೆನಡಾದ ಸಂಸತ್ ಸಮಿತಿ ಮುಂದೆ ಕೂತು, ಹೆಂಗಸರ ತಂಡಕ್ಕೆ ಆಗ್ತಿರೋ ತಾರತಮ್ಯ ಎಲ್ಲಾ ಬಿಡಿಸಿ ಹೇಳಿದ್ರು. ಅಂತೂ ಕೆನಡಾದಲ್ಲಿ ನಾರ್ದರ್ನ್ ಸೂಪರ್ ಲೀಗ್ ಶುರುವಾಗಿದ್ದು 2025ರ ಏಪ್ರಿಲ್‌ನಲ್ಲಿ, ಆರು ಟೀಮ್ ಜೊತೆ. ಅದನ್ನ ಕಟ್ಟಿದವರಲ್ಲಿ ಮುಂದೆ ನಿಂತಿದ್ದು ಅದೇ ಕಂಚಿನ ಗೋಲಿನ ಮ್ಯಾಥೆಸನ್. ಆ ಲೀಗಿನ ವ್ಯಾಂಕೂವರ್ ರೈಸ್ ಟೀಮಿನ ಮಾಲೀಕರಲ್ಲಿ ಸಿಂಕ್ಲೇರ್ ಒಬ್ಬರು, ಆದ್ರೆ ಆಡೋಕೆ ವಯಸ್ಸು ದಾಟಿಹೋಗಿತ್ತು.

ಪ್ರಶ್ನೆ: ಫಾರ್ವರ್ಡ್ ಅಂದ್ರೆ ಓಟ ಮುಖ್ಯ. 40 ವರ್ಷದವರೆಗೆ ಹೇಗೆ ಆಡಿದ್ರು?

ಅವರು ಯಾವತ್ತೂ ಬರೀ ಓಟ ನಂಬ್ಕೊಂಡವರಲ್ಲ. ಎರಡೂ ಕಾಲಲ್ಲಿ ಒಂದೇ ಥರ ಹೊಡೀತಿದ್ರು, ತಲೇಲೂ ಹೊಡೀತಿದ್ರು. ಎಲ್ಲಕ್ಕಿಂತ ಹೆಚ್ಚಾಗಿ ಚೆಂಡು ಎಲ್ಲಿಗೆ ಬರುತ್ತೆ ಅಂತ ಡಿಫೆಂಡರ್‌ಗಿಂತ ಅರೆಗಳಿಗೆ ಮೊದಲೇ ಗೊತ್ತಾಗ್ತಿತ್ತು. ವಯಸ್ಸಾದ ಹಾಗೆ ಒಂದು ಹೆಜ್ಜೆ ಹಿಂದಕ್ಕೆ ಬಂದು ಆಡೋದು ಜಾಸ್ತಿ ಮಾಡಿದ್ರು, ಗೋಲಿಗೆ ಬೆನ್ನು ಕೊಟ್ಟು ಚೆಂಡು ಹಿಡಿದು ಓಡೋ ಹುಡುಗೀರಿಗೆ ಪಾಸ್ ಕೊಡೋದು. ಗೋಲ್ ಸಂಖ್ಯೆ ಕಮ್ಮಿ ಆಯ್ತು, ಟೀಮ್ ಗೆಲ್ಲೋದು ಕಮ್ಮಿ ಆಗ್ಲಿಲ್ಲ.

ಪ್ರಶ್ನೆ: ನನ್ನ ಮಗಳಿಗೆ 13, ಸ್ಕೂಲ್ ಟೀಮಲ್ಲಿ ಫಾರ್ವರ್ಡ್. ಫೈನಲ್‌ನಲ್ಲಿ ಪೆನಾಲ್ಟಿ ಮಿಸ್ ಮಾಡಿದ್ಲು, ಈಗ ಗ್ರೌಂಡಿಗೇ ಹೋಗಲ್ಲ ಅಂತಿದಾಳೆ. ಏನು ಹೇಳ್ಲಿ?

ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬುದ್ಧಿಮಾತು ಬೇಡ, ಮೂರು ಪೆನಾಲ್ಟಿ ಕತೆ ಹೇಳಿ ಅವಳಿಗೆ.

2019ರ ವಿಶ್ವಕಪ್, ನಾಕೌಟ್, ಸ್ವೀಡನ್ ಮೇಲೆ ಕೆನಡಾ 1-0ರಲ್ಲಿ ಹಿಂದೆ. ಪೆನಾಲ್ಟಿ ಸಿಕ್ತು. ಸಿಂಕ್ಲೇರ್ ತಾನೇ ಹೊಡೀಬಹುದಿತ್ತು, ಬದಲಿಗೆ ಜನೀನ್ ಬೆಕಿಯನ್ನ ನೀನು ಹೊಡೀತೀಯಾ ಅಂತ ಕೇಳಿದ್ರು. ಬೆಕಿ ಒಳ್ಳೇದಾಗೇ ಹೊಡೆದ್ರು, ಕೀಪರ್ ಹೆಡ್ವಿಗ್ ಲಿಂಡಾಲ್ ಹಾರಿ ತಡೆದ್ರು. ಕೆನಡಾ ಔಟ್.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್. ಬ್ರೆಜಿಲ್ ಜೊತೆ ಕ್ವಾರ್ಟರ್‌ಫೈನಲ್ ಶೂಟೌಟ್‌ಗೆ ಹೋಯ್ತು, ಕ್ಯಾಪ್ಟನ್ ಸಿಂಕ್ಲೇರ್ ಮೊದಲು ಹೋದ್ರು, ಅವರ ಹೊಡೆತಾನೇ ಕೀಪರ್ ಕೈಗೆ ಸಿಕ್ತು. ಉಳಿದ ಹುಡುಗೀರು ಹೊಡೆದು, ಕೀಪರ್ ಸ್ಟೆಫನಿ ಲಾಬೆ ಎರಡು ತಡೆದು ಗೆಲ್ಲಿಸಿದ್ರು. ಸೆಮಿಫೈನಲ್‌ನಲ್ಲಿ ಮತ್ತೆ ಅಮೆರಿಕ, 75ನೇ ನಿಮಿಷದ ಹತ್ರ ಪೆನಾಲ್ಟಿ. ಚೆಂಡು ಸಿಂಕ್ಲೇರ್ ಕೈಯಲ್ಲಿ. ಓಲ್ಡ್ ಟ್ರ್ಯಾಫರ್ಡ್ ಲೆಕ್ಕ ಚುಕ್ತಾ ಮಾಡೋಕೆ ಇದಕ್ಕಿಂತ ಒಳ್ಳೆ ಗಳಿಗೆ ಇತ್ತಾ? ಅವರು ಚೆಂಡನ್ನ ತಗೊಂಡು ಹೋಗಿ 23 ವರ್ಷದ ಜೆಸ್ಸಿ ಫ್ಲೆಮಿಂಗ್ ಕೈಗೆ ಕೊಟ್ರು. ಎರಡು ವರ್ಷ ಹಿಂದೆ ಹೀಗೇ ಬೇರೆಯವರಿಗೆ ಕೊಟ್ಟು ಏನಾಗಿತ್ತು ಅಂತ ಗೊತ್ತಿದ್ದೂ ಕೊಟ್ರು. ಫ್ಲೆಮಿಂಗ್ ಹೊಡೆದ್ರು, 1-0. ಫೈನಲ್ ಆಗಸ್ಟ್ 6ಕ್ಕೆ, ಓಲ್ಡ್ ಟ್ರ್ಯಾಫರ್ಡ್ ಪಂದ್ಯಕ್ಕೆ ಸರಿಯಾಗಿ ಒಂಬತ್ತು ವರ್ಷ. ಸ್ವೀಡನ್ ಮೇಲೆ ಪೆನಾಲ್ಟಿ ಗಿಟ್ಟಿಸಿದ್ದು ಸಿಂಕ್ಲೇರ್, ಹೊಡೆದಿದ್ದು ಮತ್ತೆ ಫ್ಲೆಮಿಂಗ್. ಕೊನೆಗೆ ಶೂಟೌಟ್ ನಡೆದಾಗ ಸಿಂಕ್ಲೇರ್ ಮೈದಾನದಲ್ಲೇ ಇರ್ಲಿಲ್ಲ, ಅವರನ್ನ ಅಷ್ಟೊತ್ತಿಗೆ ಬದಲಾಯಿಸಿದ್ರು. ಹೊರಗೆ ನಿಂತು ನೋಡ್ತಾ ಚಿನ್ನ ಗೆದ್ರು.

ಮೂರನೇದು 2023ರ ವಿಶ್ವಕಪ್, ಮೆಲ್ಬರ್ನ್, ನೈಜೀರಿಯಾ ಎದುರು. ಸಿಂಕ್ಲೇರ್‌ಗೆ 40 ವರ್ಷ, ಗೋಲ್ ಆದ್ರೆ ಆರು ವಿಶ್ವಕಪ್‌ನಲ್ಲಿ ಹೊಡೆದ ಮೊದಲನೇಯವರು. ಈ ಸಲ ಪೆನಾಲ್ಟಿ ತಾವೇ ತಗೊಂಡ್ರು, ಚಿಯಾಮಾಕಾ ನ್ಯಾಡೋಜಿ ತಡೆದುಬಿಟ್ರು, ಪಂದ್ಯ 0-0, ಕೆನಡಾ ಗುಂಪಿನ ಹಂತದಲ್ಲೇ ಹೊರಗೆ ಬಿತ್ತು.

ಅದಾಗಿ ನಾಲ್ಕು ತಿಂಗಳು ದಾಟಿದ್ಮೇಲೆ, ಡಿಸೆಂಬರ್ 5ಕ್ಕೆ ವ್ಯಾಂಕೂವರ್‌ನಲ್ಲಿ ಅವರ 331ನೇ ಪಂದ್ಯ, ಕೆನಡಾ ಪರ ಕೊನೇದು. ಆ ಒಂದು ರಾತ್ರಿಗೆ ಬಿ.ಸಿ. ಪ್ಲೇಸ್ ಸ್ಟೇಡಿಯಂ ಹೆಸರನ್ನೇ ಕ್ರಿಸ್ಟೀನ್ ಸಿಂಕ್ಲೇರ್ ಪ್ಲೇಸ್ ಅಂತ ಬದಲಾಯಿಸಿದ್ರು. ಅವರನ್ನ ನೋಡೋಕೆ ಬಂದವರಲ್ಲಿ ನಿಮ್ಮ ಮಗಳ ವಯಸ್ಸಿನ ಹುಡುಗೀರು ಎಷ್ಟೋ ಜನ, ಬೆನ್ನ ಮೇಲೆ 12 ಅಂತ ಬರೆದಿರೋ ಜರ್ಸಿ ಹಾಕ್ಕೊಂಡು.