ನೈನ್ತ್ ಹೌಸ್ ಮುಂದುವರಿಸಲಾ, ಬಿಡಲಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಲೀ ಬಾರ್ಡೂಗೋ ಅವರ ‘ನೈನ್ತ್ ಹೌಸ್’ ಕಾದಂಬರಿಯ ಶುರುವಿನ ಪುಟಗಳು ತಲೆಗೇ ಹೋಗ್ತಿಲ್ಲ, ಬಿಟ್ಟುಬಿಡಲಾ? ಪಿಯುಸಿ ಓದುವ ತಂಗಿ ಕೇಳ್ತಿದ್ದಾಳೆ, ಕೊಡಬಹುದಾ?

ಬಿಡಬೇಡಿ. ಕಥೆ ‘ವಿಂಟರ್’ (ಚಳಿಗಾಲ), ‘ಲಾಸ್ಟ್ ಫಾಲ್’ (ಹಿಂದಿನ ಶರತ್ಕಾಲ) ಅಂತ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಅಧ್ಯಾಯದ ಮೇಲಿರುವ ಆ ಹೆಸರು ನೋಡದೆ ಓದಿದರೆ ಯಾರು ಸತ್ತರು, ಯಾರು ಕಾಣೆಯಾದರು ಒಂದೂ ಗೊತ್ತಾಗುವುದಿಲ್ಲ. ಸಂಘಗಳ ಹೆಸರು ಬಾಯಿಪಾಠ ಮಾಡುವ ಕಷ್ಟ ಬೇಡ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಂಟು ಗುಪ್ತ ಸಂಘಗಳು ಮಾಟ ಮಾಡುತ್ತವೆ, ಲೀಥಿ ಅನ್ನುವ ಒಂಬತ್ತನೆಯದು ಅವುಗಳನ್ನು ಕಾಯುತ್ತದೆ. ಇಷ್ಟು ಸಾಕು.

ನನ್ನನ್ನು ಹಿಡಿದಿಟ್ಟಿದ್ದು ಆ ಎಂಟು ಸಂಘಗಳು. ಅವು ನಿಜಕ್ಕೂ ಇರುವಂಥವು! ಸ್ಕಲ್ ಅಂಡ್ ಬೋನ್ಸ್ ಶುರುವಾಗಿದ್ದು 1832ರಲ್ಲಿ. ಅವರ ಕಟ್ಟಡಕ್ಕೆ ‘ಟೂಂಬ್’, ಅಂದರೆ ಗೋರಿ, ಅಂತಲೇ ಹೆಸರು. 2004ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಎದುರುಬದುರು ನಿಂತ ಬುಷ್, ಕೆರಿ ಇಬ್ಬರೂ ಇದೇ ಸಂಘದವರು. ಬಾರ್ಡೂಗೋ ಕೂಡ ಯೇಲ್‌ನಲ್ಲೇ ಓದಿದವರು, ವುಲ್ಫ್ಸ್ ಹೆಡ್ ಅನ್ನುವ ಸಂಘದಲ್ಲಿದ್ದವರು. ಹಾಗಾಗಿ ಆ ಓಣಿ, ಆ ಊಟದ ಹಾಲ್, ಆ ಶ್ರೀಮಂತ ಹುಡುಗರ ಗತ್ತು ಯಾವುದೂ ಕೇಳಿ ಬರೆದಂತಿಲ್ಲ.

ಶುರುವಿನಲ್ಲಿ ಬರುವ ಆ ಶಾಸ್ತ್ರ ನೆನಪಿದೆಯಲ್ವಾ? ಆಸ್ಪತ್ರೆಯ ರೋಗಿಯೊಬ್ಬನ ಹೊಟ್ಟೆ ಸೀಳಿ, ಕರುಳು ನೋಡಿ ಷೇರು ಪೇಟೆಯ ಭವಿಷ್ಯ ಹೇಳುತ್ತಾರೆ. ನಾನು ಬೆಚ್ಚಿದ್ದು ರಕ್ತಕ್ಕಲ್ಲ. ಸುತ್ತ ನಿಂತವರಿಗೆ ಅದು ಮಾಮೂಲಿ ಆಫೀಸ್ ಕೆಲಸ ಅನ್ನೋ ಥರ ಇದೆಯಲ್ಲ, ಅದಕ್ಕೆ. ಮುಂದೆ ಯೇಲ್ ಇರುವ ನ್ಯೂ ಹೇವನ್ ಊರಿನ ಹುಡುಗಿಯೊಬ್ಬಳ ಕೊಲೆಯಾಗುತ್ತದೆ. ಅವಳು ಯೇಲ್‌ನವಳಲ್ಲ, ಹಾಗಾಗಿ ಯಾರಿಗೂ ಅರ್ಜೆಂಟ್ ಇಲ್ಲ. ನಾಯಕಿ ಅಲೆಕ್ಸ್‌ಗೆ ಮಾತ್ರ ಸುಮ್ನೆ ಇರಲು ಆಗುವುದಿಲ್ಲ. ಅವಳು ಲಾಸ್ ಏಂಜಲೀಸ್‌ನಲ್ಲಿ ಡ್ರಗ್ಸ್ ನಡುವೆ ಬೆಳೆದವಳು. ಅವಳಿಗೆ ಸೀಟು ಸಿಕ್ಕಿದ್ದು ಅಂಕದಿಂದಲ್ಲ, ದೆವ್ವ ಕಾಣುತ್ತದೆ ಅನ್ನೋ ಕಾರಣಕ್ಕೆ. ಈ ಪುಸ್ತಕದಲ್ಲಿ ದೆವ್ವಗಳಿಗಿಂತ ಮೇಷ್ಟ್ರುಗಳೇ ಜಾಸ್ತಿ ಹೆದರಿಸುತ್ತಾರೆ.

ಓದುವಾಗ ನನಗೆ ಎಲಿಹು ಯೇಲ್ ಪದೇ ಪದೇ ನೆನಪಾದ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮದ್ರಾಸಿನ ಗವರ್ನರ್ ಆಗಿದ್ದು, ಅಲ್ಲಿ ದುಡ್ಡು ಮಾಡಿಕೊಂಡವನು. ಅವನ ದಾನಕ್ಕಾಗಿಯೇ 1718ರಲ್ಲಿ ಆ ಕಾಲೇಜಿಗೆ ಅವನ ಹೆಸರಿಟ್ಟರು. ಇಂಥ ಜಾಗಕ್ಕೆ ಮಾಟದ ಕಥೆ ಚೆನ್ನಾಗಿಯೇ ಹೊಂದುತ್ತದೆ ಬಿಡಿ.

ತಂಗಿಗೆ ಈಗಲೇ ಬೇಡ ಅನ್ನುತ್ತೇನೆ. ನಾಯಕಿ ಕಾಲೇಜು ಹುಡುಗಿ, ಲೇಖಕಿ ಹದಿಹರೆಯದವರಿಗೆ ಬರೆದು ಹೆಸರಾದವರು ಅಂತ ಇದೂ ಆ ಸಾಲಿನದ್ದು ಅಂದುಕೊಳ್ಳಬೇಡಿ. ಚಿಕ್ಕ ಹುಡುಗಿಯ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯ ಇದೆ. ಡ್ರಗ್ಸ್ ಕೊಟ್ಟು ದುರುಪಯೋಗ ಮಾಡಿಕೊಳ್ಳುವುದೂ ಇದೆ. ನಿಮಗೂ ಅಂಥದ್ದು ಓದಲು ಕಷ್ಟವಾದರೆ ಆ ಪುಟಗಳನ್ನು ಹಾರಿಸಿ, ಕಥೆ ಅರ್ಥವಾಗುತ್ತದೆ. ಅವಳಿಗೆ ಇದೇ ಲೇಖಕಿಯ ‘ಸಿಕ್ಸ್ ಆಫ್ ಕ್ರೋಸ್’ ಕೊಡಿ. ಅದೂ ಕತ್ತಲಿನ ಲೋಕವೇ, ಆದರೆ ಕಳ್ಳರ ಗ್ಯಾಂಗು, ದರೋಡೆಯ ಪ್ಲಾನು ಅಂತ ಓಡಿಸಿಕೊಂಡು ಹೋಗುತ್ತದೆ.

ಅಂದಹಾಗೆ, ನೀವು ಮುಗಿಸುವಾಗ ಎರಡನೇ ಭಾಗ ‘ಹೆಲ್ ಬೆಂಟ್’ ಪಕ್ಕದಲ್ಲೇ ಇರಲಿ. 2023ರಲ್ಲಿ ಬಂದಿದೆ. ಮೊದಲನೆಯದು ಕಥೆಯನ್ನು ಅರ್ಧಕ್ಕೇ ಬಿಡುತ್ತದೆ.